ಮಾರ್ಗ ಬೇರೆ, ದಾರಿ ಬೇರೆ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಬೇಕಲ ಕೋಟೆಯಲ್ಲಿ ಗೈಡ್ ಕೆಲಸಕ್ಕೆ ಸೇರಿದ್ದೀ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಸಂತೋಷ. ಪುಸ್ತಕದ ಕನ್ನಡದಲ್ಲಿ ನೀನೀಗ ಮಾರ್ಗದರ್ಶಿ. ನಮ್ಮ ಕಾಸರಗೋಡಿನವರಿಗೋ, ಮಾರ್ಗ ಅಂದರೆ ಬಸ್ಸು ಓಡುವ ಡಾಮರು ರಸ್ತೆ. ತೋಡು, ಸಂಕ ದಾಟಿ ತೋಟದೊಳಗೆ ಮನೆಗೆ ಹೋಗುವುದು ದಾರಿ. ಮಾರ್ಗ ಕುರುಡನಿಗೂ ಸಿಕ್ಕೀತು. ಕೇಳಬೇಕಾಗಿ ಬರುವುದು ದಾರಿಯನ್ನೇ.

ದಾರಿ ಹೇಳುವುದಕ್ಕೆ ಬಾಯಿ ಸಾಕು. 'ಅಶ್ವತ್ಥಕಟ್ಟೆಯ ಹತ್ತಿರ ಬಲಕ್ಕೆ, ಆಮೇಲೆ ಯಾರಲ್ಲಾದರೂ ಕೇಳಿ' ಎಂದು ಜಗಲಿಯಲ್ಲಿ ಕೂತೇ ಹೇಳಬಹುದು. (ಆ 'ಯಾರಾದರೂ' ಮಳೆಗಾಲದಲ್ಲಿ ಸಿಗುವುದಿಲ್ಲ, ಬಿಡು.) ತೋರಿಸುವವನು ಅಂಗಳಕ್ಕಾದರೂ ಇಳಿಯಬೇಕು. ಕರೆದುಕೊಂಡು ಹೋಗುವವನು ಆಗಾಗ ಹಿಂದೆ ತಿರುಗಿ ನೋಡಬೇಕು. ಬಿಟ್ಟು ಬರುವವನ ಕೆಲಸ ಬಸ್ ಸ್ಟಾಂಡಿನಲ್ಲಿ ಮುಗಿಯುತ್ತದೆ. ಮುಟ್ಟಿಸುವವನದು ಮುಗಿಯುವುದು, ಆ ಮನೆಯವರು 'ಬಂದಿರಾ' ಎಂದು ಕೈಕಾಲಿಗೆ ನೀರು ಕೊಟ್ಟ ಮೇಲೆ.

ಗೈಡಿಗೆ ಇವೆಲ್ಲ ಬರಬೇಕು. ಯಾರಿಗೆ ಯಾವುದು ಎಂಬ ಅಂದಾಜು ಅದಕ್ಕಿಂತ ಹೆಚ್ಚು ಬೇಕು. ಕಾಲೇಜು ಹುಡುಗರಿಗೆ ವೀಕ್ಷಣಾ ಗೋಪುರ ಅಗೋ ಎಂದರೆ ಸಾಕು, ಬೆನ್ನಿಗೆ ಬಿದ್ದರೆ ಅವರಿಗೇ ಕಿರಿಕಿರಿ. ಗಂಟುನೋವಿನ ಅಜ್ಜಿಯ ಮುಂದೆ ದಾಪುಗಾಲು ಹಾಕಬೇಡ, ಪಕ್ಕದಲ್ಲಿ ನಡೆ. ಸುಮಾರು 40 ಎಕರೆ ಕೋಟೆ, ನೆರಳು ಕಡಿಮೆ. ಮೂಲೆಮೂಲೆಯನ್ನೂ ತೋರಿಸಿಯೇ ಸೈ ಎಂಬ ಹಠ ಬೇಡ. ಮಳೆ ಹಿಡಿದರೆ ಮುರಕಲ್ಲಿನಲ್ಲಿ ಪಾಚಿ. ದೂರದಿಂದ 'ಜಾಗ್ರತೆ' ಎಂದು ಕೂಗಬೇಡ, ಮೊದಲು ನೀನು ಕಾಲಿಟ್ಟು ನೋಡು.

ಟಿಪ್ಪು ಕಟ್ಟಿಸಿದ್ದು ಎಂದುಕೊಂಡೇ ಬರುವವರೂ ಇರುತ್ತಾರೆ. ವಾದಕ್ಕೆ ನಿಲ್ಲಬೇಡ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ್ದು, ಹೈದರನ ಕಾಲಕ್ಕೆ ಮೈಸೂರಿನ ಕೈಸೇರಿತು, ಆಮೇಲೆ ಕಂಪೆನಿಯದಾಯಿತು ಎಂದು ಕ್ರಮವಾಗಿ ಹೇಳು. ಬಾಗಿಲಿನ ಆಂಜನೇಯನ ಗುಡಿಯನ್ನೂ ಹತ್ತಿರದ ಮಸೀದಿಯನ್ನೂ ತೋರಿಸು. ನೋಡಿ ಏನು ತಿಳಿಯಬೇಕೆಂಬುದು ಅವರಿಗೆ ಬಿಟ್ಟದ್ದು. ಮುನ್ನಡೆಸುವುದೆಲ್ಲ ಮೆರವಣಿಗೆಯವರ ಕೆಲಸ.

ಇನ್ನೊಂದು. ಸಂಜೆ ಹೊರಡುವಾಗ ಕಾಸರಗೋಡು ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಅದು ನಿನ್ನ ಸಂಬಳದ ಲೆಕ್ಕಕ್ಕೆ ಸೇರಿದ್ದಲ್ಲ, ಗೊತ್ತು. ಆದರೆ ಘಟ್ಟದ ಮೇಲಿನಿಂದ ಬಂದವರಿಗೆ ಮಲಯಾಳದ ಬೋರ್ಡು ಓದಲಿಕ್ಕೆ ಬರುವುದಿಲ್ಲ. ಮಾರ್ಗದವರೆಗೆ ಜೊತೆಗೆ ಹೋಗಿ, ಹತ್ತಿಸಿ, ಕಂಡಕ್ಟರನಿಗೆ ಮಲಯಾಳದಲ್ಲಿ ಒಂದು ಮಾತು ಹೇಳಿ ಬಾ.

ನಿನ್ನ ಅತ್ತೆ ಮಾವಿನಮಿಡಿ ಉಪ್ಪಿನಕಾಯಿ ಹಾಕಿಟ್ಟಿದ್ದಾಳೆ. ಬರುವಾಗ ಹಿಂದಿನ ಭರಣಿ ತೆಗೆದುಕೊಂಡು ಬರಬೇಕಂತೆ.

ಇತಿ, ನಿನ್ನ ಮಾವ