ಕೋಡ್ ಕಳಿಸಿ, ಆದರೆ ಹೇಗೆ ಕಳಿಸಬೇಕು ಅಂತಾನೂ ಹೇಳಿ

ಮಾನ್ಯ ಸಂಪಾದಕರೇ,

ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಕೋಡ್ ಕಳಿಸಿ, ರೆಸ್ಯೂಮೆಗೆ ತೂಕ ಬರುತ್ತದೆ ಎಂಬ ಸಲಹೆ ನಿಮ್ಮ ಉದ್ಯೋಗ ಪುಟದಲ್ಲೂ ಬಂದಿತ್ತು. ಸಲಹೆ ತಪ್ಪಲ್ಲ. ಆದರೆ ಹೇಗೆ ಕಳಿಸಬೇಕು ಅನ್ನೋದನ್ನು ಯಾರೂ ಹೇಳುವುದಿಲ್ಲ, ಕೊನೆಗೆ ಅದರ ಹೊರೆ ಬೀಳುವುದು ಆ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್ ತಲೆ ಮೇಲೆ. ಇವರಲ್ಲಿ ಎಷ್ಟೋ ಜನ ಬಿಡಿಗಾಸೂ ಪಡೆಯದೆ, ತಮ್ಮ ಕೆಲಸ ಮುಗಿಸಿ ರಾತ್ರಿ ಕೂತು ಇದನ್ನು ಮಾಡುವವರು.

ನಾನೂ ಸಾಚಾ ಏನಲ್ಲ. ಮೊದಲ ಸಲ ಒಂದು ಸಣ್ಣ ಬಗ್ ಸರಿ ಮಾಡಿ ಕಳಿಸಿದೆ. ಬದಲಿಸಿದ್ದು ಮೂರೇ ಸಾಲು. ಆದರೆ ನಾನು ಕೋಡ್ ಬರೆಯುವ ಎಡಿಟರ್ ತಂತ್ರಾಂಶ ಫೈಲ್ ಸೇವ್ ಮಾಡುವಾಗ ಸ್ಪೇಸ್, ಟ್ಯಾಬ್ ಎಲ್ಲವನ್ನೂ ತನ್ನಿಷ್ಟಕ್ಕೆ ತಿದ್ದಿತ್ತು, ನಾನು ನೋಡಲೇ ಇಲ್ಲ, ಹಾಗಾಗಿ ಏನೇನು ಬದಲಾಗಿದೆ ಎಂದು ತೋರಿಸುವ ಡಿಫ್ ತೆಗೆದರೆ ಇಡೀ ಫೈಲೇ ಬದಲಾದಂತೆ ಕಾಣುತ್ತಿತ್ತು. ಇದರಲ್ಲಿ ನೀನು ನಿಜವಾಗಿ ಸರಿ ಮಾಡಿದ್ದು ಯಾವುದಪ್ಪಾ ಎಂದು ಮೇಂಟೇನರ್ ಕೇಳಿದರು. ಕೋಪ ಬಂತು. ಆಮೇಲೆ ನಾನೇ ಆ ಡಿಫ್ ಓದಲು ಕೂತೆ. ನನಗೂ ಸಿಗಲಿಲ್ಲ!

ಒಂದು ಪ್ಯಾಚ್‌ನಲ್ಲಿ, ಅಂದರೆ ಕಳಿಸುವ ಒಂದು ತಿದ್ದುಪಡಿಯಲ್ಲಿ, ಒಂದೇ ಕೆಲಸ ಇರಲಿ ಅನ್ನುವುದು ಸುಮ್ನೆ ಶಿಸ್ತಿಗಾಗಿ ಅಲ್ಲ. ನಾಳೆ ಏನಾದರೂ ಕೆಟ್ಟರೆ ಯಾವ ಕಮಿಟ್‌ನಿಂದ (ದಾಖಲಾದ ಬದಲಾವಣೆಯಿಂದ) ಕೆಟ್ಟಿತು ಎಂದು, ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್ ತಂತ್ರಾಂಶದ ಬೈಸೆಕ್ಟ್ ಆಜ್ಞೆ ಹಾಕಿ ಹುಡುಕುತ್ತಾರೆ. ಐದು ಕೆಲಸ ಒಂದೇ ಕಮಿಟ್‌ನಲ್ಲಿ ತುರುಕಿದ್ದರೆ ಅದು ಸಿಕ್ಕಿಯೂ ಪ್ರಯೋಜನವಿಲ್ಲ. ಕಮಿಟ್ ಜೊತೆ ಬರೆಯುವ ಸಂದೇಶವೂ ಅಷ್ಟೇ. 'ಬಗ್ ಫಿಕ್ಸ್' ಎಂದು ಬರೆದು ಕೈತೊಳೆದುಕೊಳ್ಳುವವರೇ ಜಾಸ್ತಿ. ಮೊದಲ ಸಾಲು ಸುಮಾರು 50 ಅಕ್ಷರದೊಳಗೆ, ಒಂದು ಖಾಲಿ ಸಾಲು, ಆಮೇಲೆ ವಿವರ, ಇದು ಗಿಟ್ ಬಳಸುವವರಲ್ಲಿ ಹಳೇ ರೂಢಿ. ಏನು ಬದಲಿಸಿದಿರಿ ಎಂಬುದು ಕೋಡ್ ನೋಡಿದರೆ ಗೊತ್ತಾಗುತ್ತದೆ, ಯಾಕೆ ಬದಲಿಸಿದಿರಿ ಅನ್ನೋದನ್ನು ನೀವೇ ಹೇಳಬೇಕು ಅಲ್ವಾ?

ಓಪನ್ ಸೋರ್ಸ್‌ಗೆ ಕೋಡ್ ಕಳಿಸಲು ಹುರಿದುಂಬಿಸುವ ಅಭಿಯಾನ ಹ್ಯಾಕ್ಟೋಬರ್‌ಫೆಸ್ಟ್, ಅದರ 2020ರ ಕಥೆ ನೆನಪಿರಬಹುದು. ನಾಲ್ಕು ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದರೆ ಟೀ ಶರ್ಟ್. ಜನ ಪ್ರಾಜೆಕ್ಟ್ ಪರಿಚಯ ಇರುವ ರೀಡ್‌ಮಿ ಫೈಲ್‌ನಲ್ಲಿ ಒಂದೊಂದು ಪದ ಸೇರಿಸಿ ರಾಶಿ ರಾಶಿ ಕಳಿಸಿದರು. ಮೇಂಟೇನರ್‌ಗಳು ರೋಸಿಹೋದರು. ಕೆಲವೇ ದಿನಗಳಲ್ಲಿ ಆಯೋಜಕರು ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳು ಮಾತ್ರ ಲೆಕ್ಕಕ್ಕೆ ಎಂದು ಹೇಳಬೇಕಾಯಿತು. ಈಗ ಟೀ ಶರ್ಟ್ ಜಾಗಕ್ಕೆ ಎಐ ಬಂದಿದೆ. ಎಐ ಬಳಸಬೇಡಿ ಅನ್ನುತ್ತಿಲ್ಲ, ನಾನೂ ಬಳಸುತ್ತೇನೆ. ಆದರೆ ಈ ಸಾಲು ಯಾಕೆ ಎಂದು ಕೇಳಿದಾಗ ಉತ್ತರವನ್ನೂ ಎಐ ಕೈಲೇ ಬರೆಸುವವರಿದ್ದಾರೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಕಳಿಸುವ ಪ್ರತಿ ಪ್ಯಾಚ್‌ನ ವಿವರಣೆಯ ಕೊನೆಗೆ ಕಳಿಸಿದವರು 'ಸೈನ್ಡ್ ಆಫ್ ಬೈ' ಎಂದು ತಮ್ಮ ಹೆಸರು ಹಾಕಬೇಕು. 2004ರಲ್ಲಿ ಶುರುವಾದ ಪದ್ಧತಿ ಇದು. ಈ ಕೋಡ್ ಕಳಿಸುವ ಹಕ್ಕು ನನಗಿದೆ ಎಂದು ಅಲ್ಲಿ ಹೊಣೆ ಹೊರುವುದು ನೀವೇ, ಎಐ ಅಲ್ಲ.

ದೊಡ್ಡ ಬದಲಾವಣೆ ಇದ್ದರೆ ಕೋಡ್ ಬರೆಯುವ ಮುಂಚೆಯೇ ಒಂದು ಮಾತು ಕೇಳಿ. ಎರಡು ವಾರ ಕೂತು ಬರೆದು, ಇದು ನಮಗೆ ಬೇಡ ಅನ್ನಿಸಿಕೊಳ್ಳುವುದು ಯಾರಿಗೆ ಬೇಕು?

ಕಳಿಸಿದ ಮಾರನೇ ದಿನವೇ 'ಏನಾಯ್ತು' ಎಂದು ಕೇಳುವವರಿದ್ದಾರೆ. ಕನಿಷ್ಠ ಒಂದು ವಾರ ಕಾಯಿರಿ ಎಂದು ಕರ್ನಲ್‌ನ ದಾಖಲೆಯಲ್ಲೇ ಬರೆದಿದೆ. ತಿಂಗಳುಗಟ್ಟಲೆ ಉತ್ತರ ಕೊಡದ ಮೇಂಟೇನರ್‌ಗಳೂ ಇದ್ದಾರೆ, ಅದು ಬೇರೆ ವಿಷಯ. ಆದರೆ ಅದಕ್ಕಿಂತ ಬೇಜಾರಿನ ಸಂಗತಿ ಇನ್ನೊಂದಿದೆ. ಮೇಂಟೇನರ್ ಒಂದು ಗಂಟೆ ಕೂತು ಓದಿ, ಇಲ್ಲಿ ಟೆಸ್ಟ್ ಸೇರಿಸಿ, ಅಲ್ಲಿ ಹೆಸರು ಬದಲಿಸಿ ಎಂದು ಬರೆದ ಮೇಲೆ ಕಳಿಸಿದವರು ನಾಪತ್ತೆ. ಇಲ್ಲವೇ ಹಳೆಯದನ್ನು ಮುಚ್ಚಿ ಹೊಸ ಪುಲ್ ರಿಕ್ವೆಸ್ಟ್ ತೆರೆಯುತ್ತಾರೆ, ಆಗ ಅಷ್ಟೂ ಮಾತುಕತೆ ಒಂದು ಕಡೆ, ಕೋಡ್ ಇನ್ನೊಂದು ಕಡೆ. ಮೊದಲು ಕಳಿಸಿದ ಅದೇ ಬ್ರಾಂಚ್‌ಗೆ (ನಿಮ್ಮ ಬದಲಾವಣೆ ಇರುವ ಕವಲಿಗೆ) ತಿದ್ದುಪಡಿ ಹಾಕಿದರೆ ಸಾಕು. ಸಮಯವಿಲ್ಲದಿದ್ದರೆ ನನ್ನಿಂದ ಆಗುವುದಿಲ್ಲ, ಬೇರೆಯವರು ಮುಂದುವರಿಸಲಿ ಎಂದು ಬರೆಯಿರಿ. ಯಾರೂ ಬೈಯುವುದಿಲ್ಲ.

ನನ್ನ ಆ ಮೂರು ಸಾಲು ಎರಡನೇ ಸಲ ಮೂರೇ ಸಾಲಾಗಿ ಹೋಯಿತು, ಎರಡು ದಿನದಲ್ಲಿ ಮರ್ಜ್ ಆಯಿತು, ಅಂದರೆ ಪ್ರಾಜೆಕ್ಟ್‌ಗೆ ಸೇರಿತು. ಮುಂದಿನ ಸಲ ಉದ್ಯೋಗ ಪುಟದಲ್ಲಿ ಆ ಸಲಹೆ ಹಾಕುವಾಗ, ಪ್ರಾಜೆಕ್ಟ್‌ನಲ್ಲಿ ಕೋಡ್ ಹೇಗೆ ಕಳಿಸಬೇಕು ಎಂದು ಹೇಳುವ ಕಾಂಟ್ರಿಬ್ಯೂಟಿಂಗ್ ಎಂಬ ಫೈಲ್ ಇದ್ದರೆ ಮೊದಲು ಅದನ್ನು ಓದಿ ಎಂದು ಒಂದು ಸಾಲು ಸೇರಿಸುತ್ತೀರಾ?

ಇತಿ,
ನಿಮ್ಮ ಓದುಗ