ಹಿಟ್ಟು ತಂದ್ರೂ ಪಾಪ ಕಳೀತಿತ್ತು

ಸಂಪಾದಕರೇ, ಬಲಿಯ ರಕ್ತ ಇಲ್ದೆ ಪಾಪಕ್ಕೆ ಕ್ಷಮೆ ಇಲ್ಲ, ಯೆಹೂದ್ಯರೂ ಅದನ್ನೇ ನಂಬೋದು ಅಂತ ಮೊನ್ನೆ ಒಬ್ರು ಬರೆದಿದ್ರು. ಸ್ವಲ್ಪ ತಾಳಿ ಸಾರ್. ಯೆಹೂದ್ಯರೂ ಕ್ರೈಸ್ತರೂ ಒಪ್ಪೋ ಧರ್ಮಗ್ರಂಥ ಯಾಜಕಕಾಂಡದ 5ನೇ ಅಧ್ಯಾಯ ತೆಗೆದು ನೋಡಿ, ಪಾಪ ಕಳೆಯೋಕೆ ಬಲಿಗೆ ಕುರಿ ತರಕ್ಕಾಗದವ್ನು ಎರಡು ಪಾರಿವಾಳ ತರಬೋದು, ಅದಕ್ಕೂ ಗತಿ ಇಲ್ದಿದ್ರೆ ಗೋಧಿಹಿಟ್ಟು ಸಾಕು, ಎಣ್ಣೆ ಹಾಕಂಗಿಲ್ಲ, ಧೂಪ ಇಡಂಗಿಲ್ಲ (ನಮ್ಮ ಮಂಡ್ಯ ಆಗಿದ್ರೆ ರಾಗಿಹಿಟ್ಟು ಅಂತಿದ್ರೇನೋ). ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದ್ಮೇಲೆ ಬಲಿನೇ ನಿಂತೋಯ್ತು, ಆಮೇಲೆ ಪ್ರಾರ್ಥನೆ, ಪಶ್ಚಾತ್ತಾಪ, ದಾನ ಇವೇ ದಾರಿ, ಯೋಮ್ ಕಿಪ್ಪೂರ್ ಅನ್ನೋ ಅವರ ಪಾಪಪರಿಹಾರದ ದಿನ ಉಪವಾಸ ಇದ್ರೂ ಪಕ್ಕದ್ಮನೆಯವ್ರಿಗೆ ಮಾಡಿದ ಅನ್ಯಾಯಕ್ಕೆ ಅವ್ರ ಹತ್ರನೇ ಹೋಗಿ ಕ್ಷಮೆ ಕೇಳ್ಬೇಕು. ಕ್ರೈಸ್ತರಿಗೆ ಯೇಸುವಿನ ಶಿಲುಬೆ ಮರಣನೇ ಎಲ್ಲರಿಗೂ ಸಾಕಾದ ಒಂದೇ ಬಲಿ. ಅದು ಅವರ ನಂಬಿಕೆ, ಗೌರವ ಇದೆ. ಆದ್ರೆ ಅದನ್ನ ಯೆಹೂದ್ಯರ ಬಾಯಲ್ಲಿ ಹೇಳಿಸ್ಬೇಡಿ.

– ಒಬ್ಬ ಓದುಗ, ಮಂಡ್ಯ