ಮಹಾಕಾವ್ಯ ಓದುತ್ತಿರುವ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮಹಾಕಾವ್ಯದ ಲಕ್ಷಣಗಳನ್ನು ಪಟ್ಟಿ ಮಾಡಿಕೊಂಡು ಬಾಯಿಪಾಠ ಮಾಡ್ತಿದ್ದೀಯ ಅಂತ ನಿಮ್ಮಪ್ಪ ಹೇಳಿದ. ಪರೀಕ್ಷೆಗೆ ಅದು ಬೇಕು, ಮಾಡು. ಆದರೆ ಪ್ರತಿಯೊಂದು ಲಕ್ಷಣದ ಪಕ್ಕದಲ್ಲೂ ‘ಇದರಿಂದ ಕವಿಗೆ ಏನು ಉಪಯೋಗ?’ ಅಂತ ಬರೆದುಕೋ. ಸುಮ್ನೆ ಬಂದದ್ದು ತೀರಾ ಕಡಿಮೆ.

ಗ್ರೀಕ್ ಕವಿ ಹೋಮರ್ ಟ್ರಾಯ್ ಯುದ್ಧದ ಮೇಲೆ ಕಟ್ಟಿದ ಇಲಿಯಡ್‌ನಲ್ಲಿ, ಗ್ರೀಕರ ವೀರ ಅಖಿಲೀಸ್‌ಗೆ ‘ವೇಗದ ಕಾಲಿನವನು’ ಅನ್ನುವ ಬಿರುದು ಮತ್ತೆ ಮತ್ತೆ ಬರುತ್ತದೆ. ಅವನು ಮುನಿಸಿಕೊಂಡು ಸುಮ್ಮನೆ ಕೂತಿದ್ದರೂ ಅದೇ ಬಿರುದು! ಇಂಥ ಬಿರುದುಗಳು ಛಂದಸ್ಸಿನ ಸಾಲಿನಲ್ಲಿ ಎಲ್ಲೆಲ್ಲಿ ಕೂರುತ್ತವೆ ಎಂದು ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸ ಲೆಕ್ಕ ಹಾಕಿದ. ಆಮೇಲೆ 1930ರ ದಶಕದಲ್ಲಿ ಯುಗೊಸ್ಲಾವಿಯಕ್ಕೆ ಹೋಗಿ, ವೀರಗಾಥೆ ಹಾಡುವವರ ದನಿಯನ್ನು ಮುದ್ರಿಸಿಕೊಂಡ. ಅವರು ಹಾಡನ್ನು ಪೂರ್ತಿ ಉರು ಹೊಡೆದಿರಲಿಲ್ಲ. ಸಿದ್ಧ ನುಡಿಗಟ್ಟುಗಳನ್ನು ಜೋಡಿಸುತ್ತ ಅಲ್ಲೇ ಕಟ್ಟುತ್ತಿದ್ದರು. ಬಿರುದು ಅಂದರೆ ಸಾಲು ಕಟ್ಟುವ ಇಟ್ಟಿಗೆ. ಮುಂದಿನ ಸಾಲು ಯೋಚಿಸಲು ಹಾಡುವವನಿಗೆ ಒಂದಿಷ್ಟು ಬಿಡುವೂ ಸಿಗುತ್ತದೆ.

ಮೊದಲಲ್ಲಿ ದೇವತೆಯನ್ನು ಕರೆಯುವುದೂ ಹಾಗೇ. ಅದು ಬರೀ ಭಕ್ತಿ ಅಂದುಕೊಳ್ಳಬೇಡ. ತಾನು ಕಾಣದ ಯುದ್ಧವನ್ನು ಹೇಳುವವನನ್ನು ಜನ ಯಾಕೆ ನಂಬಬೇಕು? ಯುದ್ಧಕ್ಕೆ ಬಂದ ಹಡಗುಗಳ ದೊಡ್ಡ ಪಟ್ಟಿ ಶುರುಮಾಡುವ ಮೊದಲು ಹೋಮರ್ ಕಾವ್ಯದೇವತೆಯರಿಗೆ ಹೇಳುತ್ತಾನೆ: ನೀವು ಅಲ್ಲಿದ್ದಿರಿ, ನಿಮಗೆ ಗೊತ್ತು; ನಮಗೆ ಗೊತ್ತಿರುವುದು ಬರೀ ಕೇಳಿದ ಸುದ್ದಿ. ನಮ್ಮ ಕುಮಾರವ್ಯಾಸನೂ ವೀರನಾರಾಯಣನೇ ಕವಿ, ತಾನು ಲಿಪಿಕಾರ ಎನ್ನುತ್ತಾನೆ. ವಿನಯದ ಜೊತೆಗೆ ಎಷ್ಟು ಧೈರ್ಯದ ಮಾತು, ಅಲ್ವಾ?

ಕಥೆ ನಡುವಿನಿಂದ ಶುರುವಾಗುವುದು ಕೇಳುವವರಿಗೆ ಕಥೆ ಮೊದಲೇ ಗೊತ್ತಿದ್ದರಿಂದ. ಇಲಿಯಡ್ ಯುದ್ಧದ 10ನೇ ವರ್ಷದಲ್ಲಿ ಶುರುವಾಗಿ ಟ್ರಾಯ್ ಕಡೆಯ ವೀರ ಹೆಕ್ಟರನ ಅಂತ್ಯಕ್ರಿಯೆಯೊಂದಿಗೆ ಮುಗಿಯುತ್ತದೆ. ಟ್ರಾಯ್ ಊರನ್ನು ಗೆಲ್ಲಿಸಿಕೊಟ್ಟ ಮರದ ಕುದುರೆಯ ಕಥೆ ಅದರಲ್ಲಿಲ್ಲ.

ಸಂಸ್ಕೃತದ ಕಾವ್ಯಶಾಸ್ತ್ರಕಾರ ದಂಡಿ ಹೇಳುವ ಕಡಲು, ಬೆಟ್ಟ, ಋತು, ಚಂದ್ರೋದಯದ ವರ್ಣನೆಗಳ ಪಟ್ಟಿಯನ್ನು ಪರೀಕ್ಷೆಗೆ ಓದಿಕೋ. ಅಪ್ಪಟ ಕವಿಯ ಕೈಗೆ ಸಿಗದಿದ್ದರೆ ಅಲ್ಲಿ ಕಥೆ ನಿಂತೇ ಹೋಗುತ್ತದೆ. ನನಗಂತೂ ಮಹೋಪಮೆಗಳೇ, ಅಂದರೆ ಒಂದು ಪುಟ್ಟ ಚಿತ್ರವಾಗಿ ಬೆಳೆಯುವ ಉದ್ದನೆಯ ಹೋಲಿಕೆಗಳೇ, ಜಾಸ್ತಿ ಇಷ್ಟ. ಅಳುತ್ತ ಬಂದ ಗೆಳೆಯ ಪೆಟ್ರೋಕ್ಲಸ್‌ನನ್ನು ನೋಡಿ ಅಖಿಲೀಸ್, ಎತ್ತಿಕೋ ಅಂತ ಅಮ್ಮನ ಬಟ್ಟೆ ಹಿಡಿದೆಳೆಯುವ ಪುಟ್ಟ ಹುಡುಗಿಯ ಹಾಗಿದ್ದೀಯ ಎನ್ನುತ್ತಾನೆ. ಹೆಣ ಬೀಳುತ್ತಿರುವ ಜಾಗಕ್ಕೆ ಮನೆಯ ಬದುಕು ಹೀಗೆ ನುಗ್ಗುತ್ತದೆ.

ಬರೆದು ಕಟ್ಟಿದ ಕಾವ್ಯಗಳಲ್ಲಿ ಇದೇ ಪದ್ಧತಿಗಳು ಬೇರೆ ಕೆಲಸಕ್ಕೆ ಬರುತ್ತವೆ. ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ನಾಯಕ ಒಡಿಸ್ಸಿಯಸ್ ಸತ್ತವರನ್ನು ಮಾತಾಡಿಸಿದ್ದು ಊರಿಗೆ ಮರಳುವ ದಾರಿ ತಿಳಿಯಲು. ರೋಮಿನ ಕವಿ ವರ್ಜಿಲ್ ಬರವಣಿಗೆಯಲ್ಲಿ ಅದೇ ಸನ್ನಿವೇಶ ತಗೊಂಡು, ಪಾತಾಳದಲ್ಲಿ ತನ್ನ ಕಾವ್ಯದ ನಾಯಕ ಈನಿಯಸ್‌ಗೆ ಇನ್ನೂ ಹುಟ್ಟದ ರೋಮನ್ನರನ್ನು ತೋರಿಸಿದ. 1667ರಲ್ಲಿ ಇಂಗ್ಲಿಷ್ ಕವಿ ಮಿಲ್ಟನ್ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದಲ್ಲಿ ವೀರನ ಠೀವಿಯನ್ನೆಲ್ಲ ಸೈತಾನನಿಗೇ ಕೊಟ್ಟ! ಯಾಕೆ ಅಂತ ನೀನೇ ಯೋಚಿಸು.

ಮೊದಲು ಇಲಿಯಡ್‌ನ 6ನೇ ಭಾಗ ತೆಗೆದು ಗಟ್ಟಿಯಾಗಿ ಓದು. ಹೆಕ್ಟರ್ ಹೆಂಡತಿ, ಮಗುವನ್ನು ಬಿಟ್ಟು ಹೊರಡುವ ಪ್ರಸಂಗ ಅದು. ಆಮೇಲೆ ಪಟ್ಟಿ ಬಿಚ್ಚು. ಉತ್ತರ ಬರಿ.

ಇಂತಿ,
ನಿನ್ನ ದೊಡ್ಡಪ್ಪ